ಇಂಟರ್ವಲ್ಲಿಗೇ ಶುಭಂ

ಬಸಲಿಂಗಪ್ಪ ತನ್ನ ಅರವತ್ತಾರು ವರ್ಷಗಳಲ್ಲಿ ಹೇಳಿಕೊಳ್ಳುವಂಥ ತಪ್ಪು ಮಾಡಿದ್ದು ಒಂದೇ ಒಂದು. ಆ ತಪ್ಪು ಖಾನಾಪುರದಲ್ಲಿ ಇಪ್ಪತ್ತೆಂಟು ವಾರ ಓಡಿತು.

ಆಗ ಅವನಿಗೆ ಇಪ್ಪತ್ಮೂರು. ಖಾನಾಪುರದ ಹಂಚಿನ ಟಾಕೀಸಿನಲ್ಲಿ ಆಪರೇಟರನಾಗಿ ಸೇರಿ ಮೂರು ತಿಂಗಳಾಗಿತ್ತು. ಆಷಾಢದ ಒಂದು ದಿನ, ಬೆಳಗಾವಿಯಿಂದ ಬಂದ ಬಸ್ಸಿನ ತಲೆಯ ಮೇಲಿಂದ ‘ಗಿಣಿ ಹೇಳಿದ ಗಂಡ’ ಎಂಬ ಸಂಗೀತಮಯ ಚಿತ್ರ ಇಳಿಯಿತು. ಹದಿನಾಲ್ಕು ರೀಲು, ಹದಿನಾಲ್ಕು ತಗಡಿನ ಡಬ್ಬಿ. ಚಿತ್ರದಲ್ಲಿ ಹಾಡು ಹದಿನೇಳು, ಅದರಲ್ಲಿ ಮೂರನ್ನು ಗಿಣಿಯೇ ಹಾಡುತ್ತದೆ. ಹುಬ್ಬಳ್ಳಿಯಲ್ಲಿ ಒಂದು ವಾರ, ಬೆಳಗಾವಿಯಲ್ಲಿ ನಾಲ್ಕು ದಿನ ಓಡಿ, ಬರೀ ಕುರ್ಚಿಗಳು ಕೂತು ನೋಡುವ ಹಂತಕ್ಕೆ ಬಂದ ಮೇಲೆ ಅದನ್ನು ಖಾನಾಪುರಕ್ಕೆ ದೂಡಿದ್ದರು.

ದೇಸೂರು ದಾಟಿದ ಮೇಲೆ ಹಿಡಿದ ಮಳೆ ಖಾನಾಪುರದ ತನಕ ಬಿಟ್ಟಿರಲಿಲ್ಲ. ಡಬ್ಬಿಗಳ ಮೇಲೆ ಅಂಟಿಸಿದ್ದ ನಂಬರಿನ ಚೀಟಿಗಳು ತೊಳೆದು ಹೋಗಿ, ಹದಿನಾಲ್ಕೂ ಡಬ್ಬಿಗಳು ಒಂದೇ ತಾಯಿಯ ಮಕ್ಕಳಂತೆ ಕೂತಿದ್ದವು. ರೀಲಿನ ತಲೆಯಲ್ಲಿ ಬರೆದ ನಂಬರಂತೂ ಊರೂರು ತಿರುಗಿ ಎಂದೋ ಹರಿದಿತ್ತು. ಆಟಕ್ಕೆ ಅರ್ಧ ತಾಸು ಉಳಿದಿತ್ತು. ಬಸಲಿಂಗಪ್ಪ ಮನಸ್ಸಿನಲ್ಲೇ ಬಸವಣ್ಣನನ್ನು ನೆನೆದು, ಡಬ್ಬಿಗಳನ್ನು ತನಗೆ ತೋಚಿದ ಹಾಗೆ ಜೋಡಿಸಿದ.

ಮೊದಲ ನಾಲ್ಕು ಸರಿಯಾಗಿಯೇ ಬಿದ್ದವು. ಚಂದ್ರಿ ಎಂಬ ಹುಡುಗಿ ಗಿಣಿ ಸಾಕಿದಳು, ಹಾಡಿದಳು, ಗಿಣಿಯೂ ಹಾಡಿತು. ಐದನೆಯದು ಎಂದು ಏರಿಸಿದ ರೀಲಿನಲ್ಲಿ ನೋಡಿದರೆ ಚಂದ್ರಿಗೆ ಆಗಲೇ ಲಗ್ನವಾಗಿಹೋಗಿತ್ತು. ಬಸಲಿಂಗಪ್ಪನಿಗೆ ಸಂಶಯ ಬಂತು. ಆದರೆ ಓಡುವ ರೀಲನ್ನು ನಿಲ್ಲಿಸುವುದೆಂದರೆ ಓಡುವ ಕೋಣವನ್ನು ಬಾಲ ಹಿಡಿದು ನಿಲ್ಲಿಸಿದ ಹಾಗೆ. ಬಿಟ್ಟುಬಿಟ್ಟ. ಆಮೇಲಿನ ಮೂರು ರೀಲುಗಳಲ್ಲಿ ಕಳ್ಳ ಗಿಣಿಯನ್ನು ಕದ್ದ, ಜೈಲಿಗೆ ಹೋದ, ಗಂಡ ಊರು ಬಿಟ್ಟ, ಚಂದ್ರಿ ಕೊರಗಿ ಕೊರಗಿ ಹಾಡಿ ಸತ್ತಳು. ಅವಳ ಸಮಾಧಿಯ ಮೇಲೆ ಹೂವು ಉದುರಿದವು. ಪರದೆ ತುಂಬ ‘ಶುಭಂ’ ಎಂದು ಬಂತು.

ಇನ್ನೂ ಇಂಟರ್ವಲ್ಲೇ ಆಗಿರಲಿಲ್ಲ. ಆರು ಡಬ್ಬಿ ಉಳಿದಿದ್ದವು.

ಬಸಲಿಂಗಪ್ಪ ಎರಡೂ ಕೈಗಳನ್ನು ತಲೆಯ ಮೇಲಿಟ್ಟುಕೊಂಡು ಕಿಂಡಿಯಿಂದ ಇಣುಕಿದ. ಕೆಳಗೆ ಮುನ್ನೂರು ಮಂದಿ ಮೂಗು ಒರೆಸಿಕೊಳ್ಳುತ್ತಿದ್ದರು. ಕೆಲವರು ಛತ್ರಿ ಹುಡುಕಿ ಎದ್ದು ನಿಂತಿದ್ದರು. ಅವನು ದೀಪ ಹಾಕಿ, ‘ವಿಶ್ರಾಂತಿ’ ಎಂಬ ಸ್ಲೈಡು ಬಿಟ್ಟು, ಚುರುಮುರಿ ಮಾರುವವನನ್ನು ಒಳಗೆ ಕಳಿಸಿದ. ಉಳಿದದ್ದನ್ನು ಓಡಿಸದೆ ಬೇರೆ ದಾರಿ ಇರಲಿಲ್ಲ. ಕೊಟ್ಟ ಟಿಕೆಟ್ಟಿಗೆ ಹದಿನಾಲ್ಕು ರೀಲು ತೋರಿಸಲೇಬೇಕು.

ಇಂಟರ್ವಲ್ ಮುಗಿದು ಚಂದ್ರಿ ಹೊಳೆಯ ದಂಡೆಯಲ್ಲಿ ಕೊಡ ಹಿಡಿದು ಹಾಡುತ್ತ ಬಂದಳು. ಆಮೇಲೆ ಎದ್ದ ಕೂಗಿಗೆ ಮೇಲಿನ ಹಂಚು ಸರಿದು ಎರಡು ಕಡೆ ಸೋರಿತು. ಸತ್ತವಳು ಎದ್ದು ಬಂದಿದ್ದಳು. ಗಿಣಿ ಕೈಲಾಸಕ್ಕೆ ಹೋಗಿ ಕರೆತಂದಿದೆ ಎಂದು ಹೆಂಗಸರ ಸಾಲಿನಲ್ಲಿ ಯಾರೋ ಹೇಳಿದರು, ಅದು ಹಿಂದಿನ ಸಾಲಿಗೆ ಮುಟ್ಟುವುದರೊಳಗೆ ಖರೇ ಆಯಿತು. ಉಳಿದ ಗಂಟುಗಳನ್ನೂ ಖಾನಾಪುರದ ಮಂದಿ ತಾವೇ ಬಿಡಿಸಿಕೊಂಡರು. ಜೈಲಿಗೆ ಹೋದ ಕಳ್ಳ ಮತ್ತೆ ಯಾಕೆ ತಿರುಗಾಡುತ್ತಾನೆ? ಜಾಮೀನಿನ ಮೇಲೆ ಬಂದಾನ. ಗಂಡನ ಮೀಸೆ ಎಲ್ಲಿ ಹೋಯಿತು? ಹೆಂಡತಿ ಸತ್ತದ್ದಕ್ಕೆ ಬೋಳಿಸಿಕೊಂಡಾನ. ಆದ ಲಗ್ನ ಮತ್ತೆ ಯಾಕೆ ಆಗುತ್ತಿದೆ? ಮೊದಲು ಓಡಿಹೋಗಿ ಆಗಿದ್ದರು, ಈಗ ನಾಲ್ಕು ಮಂದಿ ಮುಂದೆ ಆಗಾಕತ್ತಾರ.

ಮರುದಿನ ರೀಲು ಸರಿಮಾಡಬೇಕೆಂದೇ ಬಸಲಿಂಗಪ್ಪ ಬೇಗ ಬಂದ. ಜಾಂಬೋಟಿ ಕಡೆಯಿಂದ ಚಕ್ಕಡಿ ಹೂಡಿಕೊಂಡು ಬಂದ ಮಂದಿ ಆಗಲೇ ಬಾಗಿಲಲ್ಲಿ ನಿಂತಿದ್ದರು. ಒಬ್ಬ ಮುದುಕಿ ಅವನ ಅಂಗಿ ಹಿಡಿದು, “ಸತ್ತಾಕಿ ಎದ್ದು ಬರೂ ಸಿನಿಮಾ ಇದ ಏನಪಾ?” ಎಂದು ಕೇಳಿದಳು.

“ಹೂಂ ಆಯಿ, ಇದ” ಎಂದ.

ಅಲ್ಲಿಗೆ ಮುಗಿಯಿತು. ಒಳಗೆ ಹೋಗಿ ‘ಶುಭಂ’ ಇದ್ದ ತುಂಡನ್ನು ಕತ್ತರಿಸಿ, ಲಗ್ನದ ಹಾಡಿದ್ದ ರೀಲಿನ ಬಾಲಕ್ಕೆ ಅಂಟಿಸಿದ. ಬಿಳಿ ಬಣ್ಣದಲ್ಲಿ ಡಬ್ಬಿಗಳ ಮೇಲೆ ತನ್ನ ನಂಬರು ಬರೆದ. ಇಪ್ಪತ್ತೆಂಟು ವಾರವಾದ ಮೇಲೆ ಟಾಕೀಸಿನ ಮಾಲೀಕರು ಅವನ ಕೈಗೆ ಬೆಳ್ಳಿಯ ಕಡಗ ಹಾಕಿದರು. ಇಪ್ಪತ್ತೊಂಬತ್ತನೆಯ ವಾರದಲ್ಲಿ ಬೆಳಗಾವಿಯ ಅಂಚಿನ ವಡಗಾವಿಯ ನೇಕಾರರ ಮನೆಯ ಅಕ್ಕವ್ವ ಅವನನ್ನು ಒಪ್ಪಿ ಮದುವೆಯಾದಳು. ಬರೀ ಆಪರೇಟರನಿಗೆ ಯಾರು ಹೆಣ್ಣು ಕೊಡುತ್ತಾರೆ? ಗಿಣಿ ಓಡಿಸಿದವನಿಗೆ ಕೊಟ್ಟರು.

ಸಿನಿಮಾ ಹಂಚುವ ಕಂಪನಿ ದಿವಾಳಿಯೆದ್ದು ಡಬ್ಬಿ ಕೇಳಲು ಯಾರೂ ಬರಲಿಲ್ಲ. ಟಾಕೀಸು ಕೆಡವಿ ಮದುವೆಗಳಿಗೆಂದು ಮಂಗಲ ಕಾರ್ಯಾಲಯ ಕಟ್ಟಿದಾಗ ಬಸಲಿಂಗಪ್ಪ ಹದಿನಾಲ್ಕೂ ಡಬ್ಬಿಗಳನ್ನು ಟೆಂಪೋದಲ್ಲಿ ಹೇರಿಕೊಂಡು ವಡಗಾವಿಗೆ ತಂದ. ಹೆಂಡತಿಯ ಅಣ್ಣನ ಮಗ್ಗದ ಮನೆಯ ಅಟ್ಟದ ಮೇಲೆ ಅವು, ಕೆಳಗೆ ಗಂಡ ಹೆಂಡತಿ ನೆಲೆ ನಿಂತರು. ಇಷ್ಟು ವರ್ಷ ಅಕ್ಕವ್ವ ಬಂದ ಬೀಗರಿಗೆಲ್ಲ ಹೇಳುತ್ತಿದ್ದ ಮಾತು ಒಂದೇ: “ನಮ್ಮ ಮನಿಯವರ ಕೈಗುಣ ದೊಡ್ಡದರಿ. ಸತ್ತಾಕಿ ಎದ್ದು ಬಂದ್ಲು.”

ಅವಳು ಹಾಗೆ ಅಂದಾಗಲೆಲ್ಲ ಬಸಲಿಂಗಪ್ಪ ಅರ್ಧ ರೊಟ್ಟಿ ಬಿಟ್ಟು ಕೈ ತೊಳೆಯಲು ಏಳುತ್ತಿದ್ದ. ಇಷ್ಟು ನಂಬಿದವಳಿಗೆ ಹೇಗೆ ಹೇಳುವುದು? ಹೇಳಲಿಲ್ಲ. ನಲವತ್ಮೂರು ವರ್ಷ ಹೇಳಲಿಲ್ಲ.

*

ಈ ವರ್ಷ ಯುಗಾದಿಯಾದ ಮೇಲೆ ಬೆಳಗಾವಿಯ ಸದಾಶಿವನಗರದ ಸಮೃದ್ಧಿ ಎಂಬ ಹುಡುಗಿ ಅವರ ಓಣಿಗೆ ಬಂದಳು. ಹಳೆಯ ಸಿನಿಮಾಗಳ ಕೊಳೆ ತೊಳೆದು, ಗೀರು ಅಳಿಸಿ, ಮನೆಯಲ್ಲಿ ಕೂತು ನೋಡುವ ಡಿಸ್ಕು ಮಾಡುವುದು ಅವಳ ಕಸುಬು. ಬೇರೆ ಊರಿನ ಟಾಕೀಸುಗಳಲ್ಲಿ ಮಲಗಿದ ‘ಗಿಣಿ’ ಆಮೇಲೆ ಕ್ಯಾಸೆಟ್ಟಿನಲ್ಲಿ ಎದ್ದು ಊರೂರು ಹಾರಿತ್ತು. ಆ ಹಾಡುಗಳಿಗೆ ಪ್ರಾಣ ಬಿಡುವ ಮಂದಿ ಈಗಲೂ ಇದ್ದರು, ಡಿಸ್ಕು ಯಾವಾಗ ಎಂದು ಕೇಳುತ್ತಿದ್ದರು. ಅವಳ ಹತ್ತಿರ ಚಿತ್ರದ ಮೂಲ ನೆಗೆಟಿವ್ ಇತ್ತು. ಆದರೆ ಹತ್ತನೆಯ ರೀಲು, ಲಗ್ನದ ಹಾಡಿನ ರೀಲು, ಕೊಳೆತು ಬೆಲ್ಲದ ಪಾಕದ ಹಾಗೆ ಆಗಿತ್ತು. ಖಾನಾಪುರದಲ್ಲಿ ಓಡಿಸಿದ ಡಬ್ಬಿಗಳು ಈ ಕಡೆ ಇವೆ ಎಂದು ಯಾರೋ ಹೇಳಿದ್ದರಿಂದ ಹುಡುಕಿಕೊಂಡು ಬಂದಿದ್ದಳು.

“ವಾಸನಿ ಹಿಡಕೊಂಡ ಬಂದೆ ಅಜ್ಜಾರ” ಎಂದಳು ಸಮೃದ್ಧಿ. “ಹಳೇ ಫಿಲ್ಮ್ ಹುಳಿ ವಾಸನಿ ಹೊಡೀತೈತಿ.”

“ಅಯ್ಯ, ಅದು ಫಿಲ್ಮಿಂದೇನ?” ಎಂದಳು ಬಾಜೂಮನೆಯ ಲಕ್ಷ್ಮೀ, ಕಟ್ಟೆಯ ಮೇಲಿಂದ. “ಹದಿನೈದ ವರ್ಷ ಆತು, ನಾ ಅಕ್ಕವ್ವನ ಉಪ್ಪಿನಕಾಯಿ ಕೆಟ್ಟೈತಿ ಅಂತ ಒಂದ ಹೋಳೂ ತಿಂದಿಲ್ಲ.”

ಡಬ್ಬಿಗಳು ಕೆಳಗಿಳಿದವು. ಒಂದರ ಮುಚ್ಚಳ ಜೋಳದ ಗಡಿಗೆಯ ಬಾಯಿ ಮುಚ್ಚಲು ಹೋಗಿತ್ತು, ಅದನ್ನೂ ತಂದರು. ಸಮೃದ್ಧಿ ಕೈಗೆ ಬಿಳಿ ಗವಸು ತೊಟ್ಟು, ಲಗ್ನದ ಹಾಡಿನ ರೀಲನ್ನು ಬೆಳಕಿಗೆ ಹಿಡಿದು ನೋಡಿದಳು. ಅವಳ ಮುಖ ಅರಳಿತು. ಆಮೇಲೆ ಹುಬ್ಬು ಗಂಟಾಯಿತು.

“ಅಜ್ಜಾರ, ಇದು ಹತ್ತನೇ ರೀಲು. ಡಬ್ಬಿ ಮ್ಯಾಲೆ ಹದಿನಾಲ್ಕು ಅಂತ ಬರದೈತಲ್ಲ? ಮತ್ತ ‘ಶುಭಂ’ ಇದಕ್ಯಾಕ ಅಂಟಿಸ್ಯಾರ? ನಮ್ಮ ನೆಗೆಟಿವ್‌ನ್ಯಾಗ ಚಂದ್ರಿ ಸತ್ತ ಮ್ಯಾಲೆ ಶುಭಂ ಬರತೈತಿ.”

ಅಕ್ಕವ್ವ ಒಳಗೆ ಚಹಾ ಸೋಸುತ್ತಿದ್ದಳು. ಸೋಸುವ ಸಪ್ಪಳ ನಿಂತಿತು.

ಬಸಲಿಂಗಪ್ಪನ ಬಾಯಿಯಿಂದ ಮಾತು ತಾನಾಗಿ ಹೊರಟಿತು. “ಅದು ಡೈರೆಕ್ಟರ ಹೇಳಿ ಮಾಡಿಸಿದ್ದು.”

“ಯಾರು, ಶಿವಲಿಂಗ ಮಾಸ್ತರು?”

“ಅವರ. ಖಾನಾಪುರಕ್ಕ ಬಂದಿದ್ರು. ಹುಡುಗಿ ಸಾಯಬಾರದು, ಹಿಂದಿಂದ ಮುಂದ ಮಾಡು ಅಂತ ನನಗ ಹೇಳಿದ್ರು. ಅದ ಖರೇ ಕ್ರಮ. ಡಿಸ್ಕ್ ಮಾಡೂದಿದ್ರ ಹಂಗ ಮಾಡು ತಂಗಿ. ಇಲ್ಲಂದ್ರ ಡಬ್ಬಿ ಕೊಡೂದಿಲ್ಲ.” ಇಷ್ಟು ಹೇಳಿ ಅವನು ಹದಿನಾಲ್ಕು ಎಂದು ಬರೆದ ಡಬ್ಬಿಯ ಮುಚ್ಚಳ ಹಾಕಿ ಅದರ ಮೇಲೆ ಕೂತ.

ಸಮೃದ್ಧಿ ಬಯ್ಯುತ್ತಾಳೆ ಎಂದುಕೊಂಡಿದ್ದ. ಅವಳು ಸಂತೋಷದಿಂದ ಪುಸ್ತಕ ತೆಗೆದು ಬರೆಯತೊಡಗಿದಳು. ನಿರ್ದೇಶಕರೇ ಬದಲಿಸಿದ ಕ್ರಮ ಅಂದರೆ ದೊಡ್ಡ ಸುದ್ದಿಯಂತೆ, ಡಿಸ್ಕಿನ ಮೇಲೆ ಮೊದಲು ಅದನ್ನೇ ಹಾಕುತ್ತಾರಂತೆ. “ಆದ್ರ ನಮ್ಮ ಕಂಪನಿಯವರು ಸಾಕ್ಷಿ ಕೇಳ್ತಾರ್ರಿ. ಆಗ ನೋಡಿದವರು ಯಾರರ ಅದಾರೇನು?”

“ಅದಾರ” ಎಂದ ಬಸಲಿಂಗಪ್ಪ. ಸುಳ್ಳಿಗೆ ಒಂದು ಗುಣವಿದೆ, ಮೊದಲನೆಯದು ಹೊರಬಿದ್ದ ಮೇಲೆ ಎರಡನೆಯದಕ್ಕೆ ಬಾಗಿಲು ತೆರೆದೇ ಇರುತ್ತದೆ.

*

ಖಾನಾಪುರದಲ್ಲಿ ಅವನ ಗೆಳೆಯ ಮೈಲಾರಲಿಂಗ ಇದ್ದ. ಕುರಿ ಕಾಯ್ದು ಕಾಯ್ದು, ಈಗ ಮಗನಿಗೆ ಒಪ್ಪಿಸಿ, ಬಸ್‌ಸ್ಟ್ಯಾಂಡಿನ ಬಾಜೂಕ ಬಾಳವ್ವನ ಖಾನಾವಳಿಯ ಬಾಕಿನ ಮೇಲೆ ಕೂತಿರುತ್ತಿದ್ದ. ‘ಗಿಣಿ’ಯನ್ನು ನಲವತ್ತೊಂದು ಸಲ ನೋಡಿದವನು. ಬಸಲಿಂಗಪ್ಪ ಅವನನ್ನು ಬಾಜೂಕ ಕರೆದು, ಡೈರೆಕ್ಟರ ಬಂದಿದ್ದರೆಂದು ಬರೀ ಒಂದು ಮಾತು ಹೇಳಿದರೆ ಸಾಕು ಎಂದು ಕೇಳಿಕೊಂಡ.

“ಲೇ ಬಸ್ಯಾ, ಬಂದಿದ್ರೇನ?”

“ಬಂದಿದ್ರು ಅಂತ ಹೇಳು.”

“ಅಂದ್ರ ಬಂದಿರಲಿಲ್ಲ.”

“ನೀ ಎರಡನೇ ಮಾತ ಕೇಳಬ್ಯಾಡ ಮಾರಾಯಾ. ಒಂದ ಮಾತ ಹೇಳು, ಸುಮ್ಮನಾಗು.”

ಮೈಲಾರಲಿಂಗನಿಗೆ ಸುಳ್ಳು ಹೇಳಿ ರೂಢಿ ಇರಲಿಲ್ಲ. ರೂಢಿ ಇಲ್ಲದವನಿಗೆ ಅಳತೆ ತಿಳಿಯುವುದಿಲ್ಲ. ಮರುದಿನ ಸಮೃದ್ಧಿ ಫೋನು ಹಿಡಿದು ಎದುರಿಗೆ ಕೂತಾಗ, ಅವನು ಮೂರು ಸಲ ಕೆಮ್ಮಿ ಹೇಳಿದ: “ಬಂದಿದ್ರು. ಎಂಟ ದಿನ ಇದ್ರು. ನಮ್ಮ ಕುರಿ ಹಟ್ಟ್ಯಾಗ ಮಲಗಿದ್ರು. ಒಂದ ಟಗರ ಹಾಯಾಕ ಬಂದಾಗ ನಾನ ಬಿಡಿಸಿದೆ.”

ಬಸಲಿಂಗಪ್ಪ ಅವನ ಕಾಲು ತುಳಿದ.

“ಎಡಗಾಲಿಗೆ ಹಾಯ್ದಿತ್ತು” ಎಂದು ಮುಂದುವರಿಸಿದ ಮೈಲಾರಲಿಂಗ, ತುಳಿದದ್ದೇ ಸೂಚನೆ ಎಂದು ತಿಳಿದು.

ಒಳಗಿಂದ ಖಾನಾವಳಿಯ ಬಾಳವ್ವ ಕೈ ಒರೆಸಿಕೊಳ್ಳುತ್ತ ಬಂದಳು. ತನ್ನ ಊಟ ಬಿಟ್ಟು ಕುರಿಹಟ್ಟಿಯ ಸುದ್ದಿ ಹೇಳುವುದು ಅವಳಿಗೆ ಸೇರಲಿಲ್ಲ. “ಎಂಟ ದಿನ ಉಂಡದ್ದೆಲ್ಲಿ ಅಂತ ಹೇಳಲಿಲ್ಲಲ್ಲೊ. ನಮ್ಮತ್ತಿ ಕೈಯಾಗ ಉಂಡ್ರು. ರೊಟ್ಟಿ, ಝುಣಕ, ಬೆಣ್ಣಿ. ಹೋಗುವಾಗ ನಮ್ಮತ್ತಿ ಕಟ್ಟಿಕೊಟ್ಟ ಕುಂದಾ ಡಬ್ಬಿ ಮರತ ಹೋದ್ರು. ನಾ ಆಗ ಹೊಸಾ ಸೊಸಿ, ಖಾಲಿ ಮಾಡಿದೆ.”

ಬಸಲಿಂಗಪ್ಪ ಬೆವರಿದ. ಬಾಳವ್ವನಿಗೆ ಅವನು ಏನೂ ಹೇಳಿಕೊಟ್ಟಿರಲಿಲ್ಲ.

ಮೂರು ದಿನದಲ್ಲಿ ಖಾನಾಪುರದಲ್ಲಿ ನಿರ್ದೇಶಕರನ್ನು ನೋಡದೆ ಉಳಿದವರು ಅವರು ಬಂದ ಮೇಲೆ ಹುಟ್ಟಿದವರು ಮಾತ್ರ. ಕ್ಷೌರ ಮಾಡಿದವರು ಇಬ್ಬರು ಸಿಕ್ಕರು. ಮಲಪ್ರಭೆಯಲ್ಲಿ ಮುಳುಗುವಾಗ ಎತ್ತಿದವನೂ ಸಿಕ್ಕ.

ಈ ಸುದ್ದಿ ಕಲ್ಮೇಶನ ಕಿವಿಗೆ ಬಿತ್ತು. ಕಲ್ಮೇಶ ರಿಟೈರ್ ಆದ ತಲಾಟಿ, ಈಗ ಗಿಣಿ ಅಭಿಮಾನಿ ಬಳಗದ ಅಧ್ಯಕ್ಷ. ಮೂವತ್ತು ವರ್ಷ ಊರ ಹೊಲದ ಕಾಗದ ಬರೆದವನು. ಬರೆಯದೆ ಇದ್ದದ್ದು ನಡೆದೇ ಇಲ್ಲ ಎಂಬುದು ಅವನ ನಂಬಿಕೆ. ಬಿದ್ದ ಗೋಡೆಗೆ, ಕೊಚ್ಚಿಹೋದ ಬದುವಿಗೆ ಮಾಡುತ್ತಿದ್ದ ಹಾಗೆ ಇದಕ್ಕೂ ಒಂದು ಪಂಚನಾಮೆ ಮಾಡಬೇಕೆಂದ. ಮಂಗಲ ಕಾರ್ಯಾಲಯದ ಅಂಗಳದಲ್ಲಿ ಕುರ್ಚಿ ಹಾಕಿ, ಐದು ಜನ ಪಂಚರನ್ನು ಕೂಡಿಸಿ, ಬರೆದ:

‘ಕೆಳಗೆ ಸಹಿ ಮಾಡಿದ ಪಂಚರಾದ ನಾವು ಬರೆದುಕೊಡುವುದೇನೆಂದರೆ, ಸದರಿ ನಿರ್ದೇಶಕರು ಸದರಿ ಸ್ಥಳಕ್ಕೆ ಖುದ್ದು ಬಂದು, ಎಡಗಾಲು ಕುಂಟುತ್ತ, ಆಪರೇಟರ ಬಸಲಿಂಗಪ್ಪ ಇವರಿಗೆ ರೀಲು ಹಿಂದುಮುಂದು ಮಾಡಲು ಬಾಯಿಮಾತಿನಿಂದ ಆಜ್ಞೆ ಮಾಡಿದ್ದು ನಮ್ಮ ಸಮಕ್ಷಮ ಇರುತ್ತದೆ.’

ಮೈಲಾರಲಿಂಗ ಹೆಬ್ಬೆಟ್ಟು ಒತ್ತಿದ. ಬಾಳವ್ವ ಸಹಿ ಮಾಡಿದಳು. ಕ್ಷೌರದವರಿಬ್ಬರೂ ಮಾಡಿದರು. ಮುಳುಗುವಾಗ ಎತ್ತಿದವನೂ ಮಾಡಿದ.

“ಕಲ್ಮೇಶಣ್ಣ, ಇಷ್ಟ ಜೋರ ಬ್ಯಾಡ ಆಗಿತ್ತು” ಎಂದ ಬಸಲಿಂಗಪ್ಪ.

“ಜೋರ ಏನ ಬಂತು? ಕಲ್ಲಿಗೆ ಹೇಳೇನಿ. ‘ಇಲ್ಲಿ ನಿಂತು ನಿರ್ದೇಶಕರು ಕ್ರಮ ಬದಲಿಸಿದರು’ ಅಂತ ಕೆತ್ತಸಾಕತ್ತೇನಿ. ಮತ್ತ ಇನ್ನೊಂದ ಸಂತೋಷದ ಸುದ್ದಿ. ಆ ಹುಡುಗಿ ಶಿವಲಿಂಗ ಮಾಸ್ತರನ್ನ ಹುಡುಕ್ಯಾಳ. ಇನ್ನೂ ಅದಾರಂತ. ಗದಗದಾಗ ಮಗಳ ಮನ್ಯಾಗ. ಎಂಬತ್ತೊಂದು. ಬರೂ ರವಿವಾರ ಕರಕೊಂಡ ಬರಾಕತ್ತಾಳ.”

ಬಸಲಿಂಗಪ್ಪ ಅಲ್ಲೇ ಇದ್ದ ಕುರ್ಚಿಯಲ್ಲಿ ಕುಸಿದ. ಪಂಚರು ಎದ್ದುಹೋಗಿದ್ದರಿಂದ ಜಾಗವಿತ್ತು.

*

ಶನಿವಾರದ ತನಕ ಅವನು ಉಪಾಯ ಹುಡುಕಿದ. ಕಾಯಿಲೆ ಬೀಳಬಹುದಿತ್ತು, ಆದರೆ ಅಕ್ಕವ್ವ ಕಷಾಯ ಕುಡಿಸಿ ಎಬ್ಬಿಸುತ್ತಾಳೆ. ಊರು ಬಿಡಬಹುದಿತ್ತು, ಆದರೆ ಡಬ್ಬಿಗಳನ್ನು ಬಿಟ್ಟು ಹೋಗಲಾರ. ಕೊನೆಗೆ ಗಟ್ಟಿ ಮನಸ್ಸು ಮಾಡಿದ. ನಿರ್ದೇಶಕರು ನಾನು ಬಂದೇ ಇಲ್ಲ ಎಂದರೆ, ತಾನು ಅಡ್ಡ ನಿಂತು, ಬಂದಿದ್ದಿರಿ, ವಯಸ್ಸಾಗಿ ಮರೆತೀರಿ ಎನ್ನುವುದು. ಐದು ಸಹಿ ಇವೆ. ಚಂದ್ರಿಯನ್ನು ಮತ್ತೆ ಸಾಯಗೊಡುವುದಿಲ್ಲ, ಅಕ್ಕವ್ವನ ಮುಂದೆ ತಾನೂ ಸಾಯುವುದಿಲ್ಲ. ಅಷ್ಟೇ.

ರವಿವಾರ ಮಧ್ಯಾಹ್ನ ಮಂಗಲ ಕಾರ್ಯಾಲಯ ತುಂಬಿತ್ತು. ಅಂಗಳದಲ್ಲಿ ಕಲ್ಲು, ಕಲ್ಲಿನ ಮೇಲೆ ಶಾಲು. ಒಳಗೆ ಬಿಳಿ ಪರದೆ. ಸಮೃದ್ಧಿ ಡಬ್ಬಿಗಳಿಂದ ತೊಳೆದು ತೆಗೆದ ಲಗ್ನದ ಹಾಡನ್ನು ಮೊದಲ ಸಲ ತೋರಿಸುವವಳಿದ್ದಳು. ಅಕ್ಕವ್ವ ಇಳಕಲ್ ಸೀರೆ ಉಟ್ಟು ಹೆಂಗಸರ ಮೊದಲ ಸಾಲಿನಲ್ಲಿ ಕೂತಿದ್ದಳು.

ಕಾರಿನಿಂದ ಮಗಳ ಕೈ ಹಿಡಿದು ಸಣ್ಣ ಆಳಿನ ಒಬ್ಬ ಅಜ್ಜ ಇಳಿದ. ಧೋತರ, ಕರಿ ಟೊಪ್ಪಿಗೆ, ದಪ್ಪ ಗಾಜಿನ ಚಾಳೀಸು. ಕಲ್ಮೇಶ ಹಾರ ಹಾಕಿದ. ಮೈಲಾರಲಿಂಗ ಮುಂದೆ ಹೋಗಿ, “ಸಾಹೇಬ್ರ, ಎಡಗಾಲ ಹ್ಯಾಂಗೈತ್ರಿ ಈಗ?” ಎಂದು ಕೇಳಿದ.

ಶಿವಲಿಂಗ ಮಾಸ್ತರು ತಮ್ಮ ಎಡಗಾಲನ್ನು ನೋಡಿಕೊಂಡರು.

ಬಾಳವ್ವ ಒಂದು ಡಬ್ಬಿ ಅವರ ಕೈಗಿಟ್ಟಳು. “ಕುಂದಾ ಐತ್ರಿ. ಆವಾಗ ಮರತ ಹೋಗಿದ್ರಿ.”

ಬಸಲಿಂಗಪ್ಪ ಹಲ್ಲು ಕಚ್ಚಿ ಕಾಯುತ್ತಿದ್ದ. ಈಗ ಅನ್ನುತ್ತಾರೆ, ಈಗ ಅನ್ನುತ್ತಾರೆ. ಮಾಸ್ತರು ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡರು. ಅವನನ್ನು ಕಂಡದ್ದೇ ಬಂದು ಕೈ ಹಿಡಿದುಕೊಂಡರು.

“ನೀವ ಏನ್ರಿ ಆಪರೇಟರು? ನಿಮ್ಮನ್ನ ಒಂದ ಮಾತ ಕೇಳಬೇಕು, ಇಲ್ಲಿ ಬರ್ರಿ.” ಕಂಬದ ಮರೆಗೆ ಕರೆದೊಯ್ದು ಮೆಲ್ಲಗೆ ಹೇಳಿದರು: “ಆ ಪಂಚನಾಮಿ ಕಾಗದ ಕಳಿಸಿದ್ರು. ನಾಕ ಸಲ ಓದಿದೆ. ಐದ ಮಂದಿ ಸಹಿ ಮಾಡ್ಯಾರ, ಸುಳ್ಳ ಹ್ಯಾಂಗ ಆದೀತು? ನನಗ ಒಂದೂ ನೆನಪಿಲ್ಲ. ಖಾನಾಪುರ ಇಲ್ಲ, ಟಗರಿಲ್ಲ, ಹೊಳಿ ಇಲ್ಲ. ಎಂಟ ದಿನ ಅಂದ್ರ ಎಂಟ ದಿನ ಹೋಗಿ ಬಿಟ್ಟಾವ. ಮಗಳಿಗೆ ಅಂಜಿಕಿ ಹತ್ತೇತಿ. ನಾಳೆ ಹುಬ್ಬಳ್ಳಿಗೆ, ತಲಿ ಡಾಕ್ಟರ ಹತ್ರ ಕರಕೊಂಡ ಹೊಂಟಾಳ. ನೀವ ಖರೇ ಹೇಳ್ರಿ. ನನಗ ಇನ್ನೂ ಏನೇನ ಮರತಿರಬಹುದು?”

ಬಸಲಿಂಗಪ್ಪ ಎಲ್ಲದಕ್ಕೂ ತಯಾರಿದ್ದ. ಇದಕ್ಕೆ ಇರಲಿಲ್ಲ. ಆಮೇಲೆ ಮಾಸ್ತರ ಕೈ ಬಿಡದೆ ನೆಟ್ಟಗೆ ವೇದಿಕೆ ಹತ್ತಿದ. ಕಲ್ಮೇಶನ ಕೈಯಿಂದ ಮೈಕು ಕಸಿದುಕೊಂಡ. ಅಕ್ಕವ್ವನ ಕಡೆ ನೋಡಬಾರದೆಂದು ಗೋಡೆಯ ಗಡಿಯಾರ ನೋಡುತ್ತ ಹೇಳಿದ.

“ಈ ಸಾಹೇಬ್ರು ಖಾನಾಪುರಕ್ಕ ಬಂದಿರಲಿಲ್ಲ. ಇವತ್ತ ಮೊದಲು. ಇವರ ನೆನಪು ಗಟ್ಟಿ ಐತಿ. ಮಳ್ಯಾಗ ನಂಬರಿನ ಚೀಟಿ ತೊಳದ ಹೋಗಿದ್ದೂ. ನಾ ರೀಲು ತಪ್ಪ ಏರಿಸಿದೆ. ಶುಭಂ ಇಂಟರ್ವಲ್ಲಿಗೇ ಬಂತು. ಅದನ್ನ ಕತ್ತರಿಸಿ ಹಿಂದ ಅಂಟಿಸಿದಂವ ನಾನು. ಚಂದ್ರಿ ಎದ್ದು ಬಂದಿಲ್ಲ. ಆಕಿ ಸತ್ತಾಳ.”

ಆಮೇಲೆ ಮೈಲಾರಲಿಂಗ ಎದ್ದ.

“ಲೇ, ನಲವತ್ತೊಂದ ಸಲ ನೋಡೇನಿ. ಒಂದ ಸಲನೂ ಸತ್ತ ಉಳದಿಲ್ಲ ಆಕಿ.”

“ಪಾಪ, ಆಪರೇಟರ ಅಜ್ಜಗ ತಲಿ ಸರಿ ಇಲ್ಲ” ಎಂದಳು ಬಾಳವ್ವ. “ಹುಬ್ಬಳ್ಳಿ ಡಾಕ್ಟರ ಹತ್ರ ಇವರನ್ನೂ ಒಯ್ಯರಿ.”

“ಡೈರೆಕ್ಟರ ಬಂದಿಲ್ಲಂದ್ರ ನಾ ಹೊಳಿಯಿಂದ ಯಾರನ್ನ ಎತ್ತಿದೆ?” ಎಂದು ಹಿಂದಿನಿಂದ ಕೂಗು ಬಂತು.

ಕಲ್ಮೇಶ ಮೈಕು ಮರಳಿ ಪಡೆದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಮೂವತ್ತು ವರ್ಷದ ಸರಕಾರಿ ತಾಳ್ಮೆ ಇತ್ತು. “ಬಸಲಿಂಗಪ್ಪ, ಹೇಳೂದಿದ್ರ ಮೊದಲ ಹೇಳಬೇಕಿತ್ತು. ಪಂಚನಾಮಿ ಆದ ಮ್ಯಾಲೆ ಖರೇ ಹೇಳಾಕ ಬರೂದಿಲ್ಲ. ಕಲ್ಲೂ ಕೆತ್ತಿ ಆಗೇತಿ.”

ಇಷ್ಟರಲ್ಲಿ ಒಂದು ವಿಚಿತ್ರ ಸಪ್ಪಳ ಕೇಳಿತು. ಶಿವಲಿಂಗ ಮಾಸ್ತರು ನಗುತ್ತಿದ್ದರು. ಟೊಪ್ಪಿಗೆ ತೆಗೆದು ಕಣ್ಣು ಒರೆಸಿಕೊಂಡು ನಕ್ಕರು, ಮಗಳ ಕಡೆ ನೋಡಿ, “ನೋಡವ್ವಾ, ಬಂದಿರಲಿಲ್ಲಂತ. ಬಂದಿರಲಿಲ್ಲ ನಾನು” ಎಂದು ಮತ್ತೆ ನಕ್ಕರು. ಆಮೇಲೆ ಸಮೃದ್ಧಿಗೆ, “ತೋರಸವ್ವಾ ನಿನ್ನ ಹಾಡು” ಎಂದರು.

ದೀಪ ಆರಿತು. ಲಗ್ನದ ಹಾಡು ಪರದೆಯ ಮೇಲೆ ಬಂತು. ಬಸಲಿಂಗಪ್ಪ ಅದನ್ನು ಸಾವಿರ ಸಲ ಓಡಿಸಿದ್ದ, ಆದರೆ ಚಂದ್ರಿಯ ಸೀರೆ ಹಸಿರು ಎಂದು ಅವನಿಗೆ ಅವತ್ತೇ ಗೊತ್ತಾಯಿತು. ಗೀರಿಲ್ಲ, ಮಳೆಯಿಲ್ಲ. ಮಾವಿನ ತೋರಣ, ಗಿಣಿಯ ಕೊರಳಿನ ಕೆಂಪು ಗೆರೆ. ಜನ ಪ್ರತಿ ಸಾಲನ್ನೂ ಗಿಣಿಗಿಂತ ಮೊದಲೇ ಹಾಡಿದರು. ಕೊನೆಗೆ ಅವನು ಅಂಟಿಸಿದ ‘ಶುಭಂ’ ಸ್ವಲ್ಪ ಓರೆಯಾಗಿ ಬಂದು ನಿಂತಿತು. ಅದೊಂದನ್ನು ಸಮೃದ್ಧಿ ನೆಟ್ಟಗೆ ಮಾಡಿರಲಿಲ್ಲ.

ದೀಪ ಹತ್ತಿದಾಗ ಮಾಸ್ತರು ನಗುತ್ತಿರಲಿಲ್ಲ. ಕೋಲೂರಿಕೊಂಡು ಅಂಗಳಕ್ಕೆ ನಡೆದರು. ಜನವೆಲ್ಲ ಹಿಂದೆ ಹೋಯಿತು. ಅವರು ಕಲ್ಲಿನ ಮೇಲಿನ ಶಾಲು ಸರಿಸಿ, ಚಾಳೀಸು ಹಿಂದೆಮುಂದೆ ಮಾಡಿ ಓದಿದರು: ‘ಇಲ್ಲಿ ನಿಂತು ನಿರ್ದೇಶಕರು ಕ್ರಮ ಬದಲಿಸಿದರು.’

“ಹುಬ್ಬಳ್ಳ್ಯಾಗ ಮೊದಲನೇ ಆಟ ಮುಗದಾಗ ಒಬ್ಬ ಮುದುಕಿ ನನ್ನ ಹಿಡದ ಬೈದಿದ್ಲು” ಎಂದರು. “ಹಾಡ ಹಾಡಿಸಿ ಹಾಡಿಸಿ ಕೊಂದ್ಯಲ್ಲೊ ಹುಡುಗೀನ, ಅಂತ. ಆಮ್ಯಾಲೆ ನಾ ಇನ್ನೊಂದ ಸಿನಿಮಾ ಮಾಡಲಿಲ್ಲ. ಇಲ್ಲಿ ಆಕಿ ಇಷ್ಟ ವರ್ಷ ಬದುಕ್ಯಾಳಂತ ನನಗ್ಯಾರೂ ಹೇಳಲಿಲ್ಲ.” ಕಲ್ಲಿನ ಬಾಜೂಕ ನೆಟ್ಟಗೆ ನಿಂತು, ಸಮೃದ್ಧಿಯನ್ನು ಕರೆದರು. “ಬರಕೊ ತಂಗಿ. ಇಲ್ಲಿ ನಿಂತ ಹೇಳಾಕತ್ತೇನಿ. ಖಾನಾಪುರದ ಕ್ರಮಾನೂ ಡಿಸ್ಕಿನ್ಯಾಗ ಇರಲಿ. ಅದ ಮೊದಲ ಇರಲಿ. ನಂದೂ ಒಂದ ಬಾಜೂಕ ಇಡು, ಅಳಬೇಕಂದವರು ಅಳಲಿ.”

ಕಲ್ಮೇಶ ಕಲ್ಲು ನೋಡಿದ, ಮಾಸ್ತರನ್ನು ನೋಡಿದ, ಕಾಗದ ತೆಗೆದ. “ಹಂಗಾರ ಕಲ್ಲು ಖರೇ ಆತು. ತಾರೀಖ ಅಷ್ಟ ತಿದ್ದಬೇಕು.”

“ಮತ್ತ ಎಡಗಾಲು?” ಎಂದ ಮೈಲಾರಲಿಂಗ.

“ವಯಸ್ಸಾತಲ್ಲ, ಸ್ವಲ್ಪ ಕುಂಟತೇನಿ” ಎಂದರು ಮಾಸ್ತರು. “ಹಾಗೇ ಇರಲಿ ಅದು.” ಆಮೇಲೆ ಕುಂದಾ ಡಬ್ಬಿಯ ಮುಚ್ಚಳ ತೆಗೆದರು.

*

ವಡಗಾವಿಗೆ ಮರಳುವ ಬಸ್ಸಿನಲ್ಲಿ ಬಸಲಿಂಗಪ್ಪ ಕೈ ಕಡಗ ತಿರುವುತ್ತ ಕೂತಿದ್ದ. ಪ್ರಭುನಗರ ದಾಟಿತು. ಅಕ್ಕವ್ವ ಕಿಟಕಿಯ ಹೊರಗೆ ನೋಡುತ್ತಿದ್ದಳು. ಕೊನೆಗೆ ಅವನೇ ಬಾಯಿ ಬಿಟ್ಟ.

“ಊರ ಮಂದಿ ನಂಬಲಿಲ್ಲ, ಬಿಡು. ನೀನರ ನಂಬು. ಕೈಗುಣ ಗೀಗುಣ ಏನೂ ಇರಲಿಲ್ಲ. ತಪ್ಪ ಮಾಡಿದ್ದೆ.”

“ಗೊತ್ತೈತಿ.”

“ಇವತ್ತ ಗೊತ್ತಾತು.”

“ಲಗ್ನಕ್ಕಿಂತ ಮೊದಲ ಗೊತ್ತಿತ್ತು.” ಅವಳು ಕಿಟಕಿಯಿಂದ ಮುಖ ತಿರುಗಿಸಲಿಲ್ಲ. “ಬೆಳಗಾವ್ಯಾಗ ನಾಕ ದಿನ ಓಡಿತ್ತಲ್ಲ? ಮೂರನೇ ದಿನ ನಮ್ಮ ಕಾಕಿ ಕೂಡ ನೋಡಿದ್ದೆ. ಚಂದ್ರಿ ಸತ್ತದ್ದಕ್ಕ ಎರಡ ದಿನ ಊಟ ಮಾಡಿದ್ದಿಲ್ಲ. ಆಮ್ಯಾಲೆ ಖಾನಾಪುರಕ್ಕ ನಮ್ಮ ಅಕ್ಕನ ಮನಿಗಿ ಹೋದಾಗ, ಆಕಿ ಸಿನಿಮಾಕ್ಕ ಎಳಕೊಂಡ ಹೋದ್ಲು. ನೀವು ಹಚ್ಚಿದ ಮೊದಲನೇ ಆಟ ಅದು. ಇಂಟರ್ವಲ್ಲಿಗೇ ಶುಭಂ ಬಂತು. ಇದೇನ ಹುಚ್ಚ ಅಂತ ಹಿಂದ ತಿರುಗಿ ನೋಡಿದೆ. ಕಿಂಡ್ಯಾಗ ಒಂದ ಮಾರಿ. ಎರಡೂ ಕೈ ತಲಿ ಮ್ಯಾಲೆ. ಆ ಮಾರಿ ನೋಡಿ ಸತ್ತ ಚಂದ್ರಿ ಮರತ ನಗು ಬಂತು.”

ಬಸಲಿಂಗಪ್ಪ ಕಡಗ ತಿರುವುವುದನ್ನು ನಿಲ್ಲಿಸಿ ಅವಳ ಕಡೆ ತಿರುಗಿದ.

“ಆಮ್ಯಾಲೆ ಆಕಿ ಎದ್ದು ಬಂದ್ಲು. ಅದಕ್ಕ ಕೈಗುಣ ಅಂದೆ. ನಾ ಏನ ಸುಳ್ಳ ಹೇಳಿದೆ?”

ಡಿಸ್ಕು ದೀಪಾವಳಿಯಾದ ಮೇಲೆ ಬಂತು. ಪೆಟ್ಟಿಗೆಯ ಮೇಲೆ ಗಿಣಿ, ಒಳಗೆ ಎರಡು ಡಿಸ್ಕು, ಒಂದೊಂದರ ಮೇಲೂ ನಂಬರು. ಲಕ್ಷ್ಮೀ ಹದಿನೈದು ವರ್ಷದ ಬಾಕಿ ತೀರಿಸುವವಳ ಹಾಗೆ ಉಪ್ಪಿನಕಾಯಿ ಹಾಕಿಸಿಕೊಂಡು ಟಿವಿಯ ಮುಂದೆ ಕೂತಿದ್ದಳು. ಮಗ್ಗಗಳನ್ನು ನಿಲ್ಲಿಸಿ ಓಣಿಯೇ ಬಂದಿತ್ತು. ಬಸಲಿಂಗಪ್ಪ ಎರಡೂ ಡಿಸ್ಕುಗಳನ್ನು ಕೈಯಲ್ಲಿ ಹಿಡಿದು, ಚಾಳೀಸು ಎಲ್ಲಿಟ್ಟೆ ಎಂದು ಹುಡುಕಿದ.

“ನಂಬರ ನೋಡಿ ಹಾಕ್ರಿ” ಎಂದರು ಹಿಂದಿನಿಂದ ಯಾರೋ.

“ನೀವು ಸುಮ್ಮನ ಹಾಕ್ರಿ” ಎಂದಳು ಅಕ್ಕವ್ವ. ಅವನ ಚಾಳೀಸು ಅವಳ ಸೆರಗಿನ ಗಂಟಿನಲ್ಲಿತ್ತು.